ಗೆರೆಗೆ ಕೂರದ ಎರಡು ಚುಕ್ಕೆ

"ನಿಮ್ಮ ಗ್ರಾಫಿನ ಗೆರೆ ಚೆನ್ನಾಗಿದೆ ಮೇಡಂ. ಆದ್ರೆ ನಾನು ಅಳೆದ ಎರಡು ಚುಕ್ಕೆ ಎಲ್ಲಿ ಹೋದ್ವು?"

ತುಂಬಿದ ಸಭೆಯ ಕೊನೆಯ ಸಾಲಿನಿಂದ ಈ ಪ್ರಶ್ನೆ ಬಂದಾಗ ವೇದಿಕೆಯ ಮೇಲಿದ್ದ ಅವಳ ಮೈಯೆಲ್ಲ ಉರಿಯಿತು.

ನಕ್ಷತ್ರದ ಒಡಲಲ್ಲಿ ಇಂಗಾಲಕ್ಕೆ ಹೀಲಿಯಂ ಸೇರಿ ಆಮ್ಲಜನಕ ಎಷ್ಟು ಬೇಗ ಹುಟ್ಟುತ್ತದೆ ಎಂದು ಲೆಕ್ಕ ಹಾಕುವುದು ಅವಳ ನಾಲ್ಕು ವರ್ಷದ ಸಂಶೋಧನೆ. ಅದೇ ಕ್ರಿಯೆಯನ್ನು ನೆಲಮಾಳಿಗೆಯ ಯಂತ್ರದಲ್ಲಿ ಅಳೆಯುವವನು ಈ ಪ್ರಶ್ನೆ ಕೇಳಿದವನು. ಪಂಪಿನ ಎಣ್ಣೆ ಮೆತ್ತಿದ ಅಂಗಿ, ಕಪ್ಪಾದ ಉಗುರು. ಎಲ್ಲರೂ ಅವನನ್ನು 'ಎಣ್ಣೆಕೈ' ಎಂದೇ ಕರೆಯುತ್ತಿದ್ದರು.

'ಥೂ... ಕೈ ತೊಳೆಯೋಕೆ ಬಾರದವನು ನನಗೆ ಪಾಠ ಹೇಳ್ತಾನೆ.'

"ಅವೆರಡರಲ್ಲಿ ದೋಷ ಇದೆ," ಎಂದಳು.

"ಏನು ದೋಷ?"

ಅವಳು ಮುಂದಿನ ಸ್ಲೈಡ್ ಹಾಕಿದಳು. ಅವಳ ಗೈಡ್ ನಡುವೆ ಬಾಯಿ ಹಾಕಿ ಮಾತು ಮುಗಿಸಿದರು.

ಮರುದಿನ ಅವನು ನೋಟ್‌ಬುಕ್ ಹಿಡಿದು ಅವಳ ಕೋಣೆಯ ಬಾಗಿಲಿಗೆ ಬಂದ. ಅವಳು ಮೂಗು ಮುಚ್ಚಿಕೊಂಡಳು.

"ಆ ವಾಸನೆ ಹೊತ್ಕೊಂಡು ಒಳಗೆ ಬರ್ಬೇಡಿ."

ಅವನು ನೋಟ್‌ಬುಕ್ ಮುಚ್ಚಿ ತಿರುಗಿ ಹೋದ.

ಸಂಜೆ ಎಲ್ಲವನ್ನೂ ಕೇಳಿದ ಅಕ್ಕ, "ಅವನ ವಾಸನೆ ಹಾಗಿರ್ಲಿ ಕಣೇ... ನೀನು ಉತ್ತರ ಯಾಕೆ ಕೊಡ್ಲಿಲ್ಲ?" ಎಂದಳು.

ಆ ಮಾತು ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. ಬೆಳಿಗ್ಗೆ ಅವಳು ನೇರ ಗೈಡ್ ಬಳಿ ಹೋದಳು.

"ಸರ್, ಆ ಎರಡನ್ನ ಯಾಕೆ ತೆಗೆಸಿದ್ರಿ?"

"ಗೆರೆಗೆ ಕೂರಲ್ಲಮ್ಮ, ಅದಕ್ಕೆ. ಎಲ್ರೂ ಮಾಡ್ತಾರೆ," ಎಂದು ಅವರು ನಕ್ಕರು. ಇಸ್ತ್ರಿಯ ಅಂಗಿ, ಹಿತವಾದ ಸೆಂಟು... ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವರಿಗಿಂತ ತನ್ನ ಬೆರಳುಗಳ ಮೇಲೇ ಹೆಚ್ಚು ಹೇಸಿಗೆಯಾಯಿತು. ಅಳಿಸಿದ್ದು ಅವೇ ತಾನೇ?

ಅವನ ಅಳತೆಯಲ್ಲಿ ದೋಷ ಹುಡುಕಿದಳು, ಸಿಗಲಿಲ್ಲ. ಬಿಟ್ಟ ಚುಕ್ಕೆಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಳು. ಗೆರೆ ಬಾಗಿತು. ನಾಲ್ಕು ವರ್ಷದ ತೀರ್ಮಾನ ಕುಸಿಯಿತು. ಅಚ್ಚಿಗೆ ಕಳಿಸಿದ್ದ ಲೇಖನವನ್ನು ಅವಳೇ ಹಿಂದಕ್ಕೆ ಪಡೆದಳು. ಗೈಡ್ ಅವಳೊಡನೆ ಮಾತು ಬಿಟ್ಟರು.

ನೆಲಮಾಳಿಗೆಯಲ್ಲಿ ಅವನು ನೆಲದ ಮೇಲೆ ಕುಳಿತು ಪಂಪು ಬಿಚ್ಚುತ್ತಿದ್ದ.

"ನೀವು ಅಳೆದಿದ್ದು ಸರಿ. ಅಳಿಸಿದ್ದು ನಾನು. ನನ್ನ ಮೇಲೆ ನನಗೇ ಅಸಹ್ಯ ಆಗ್ತಿದೆ..."

"ಅಚ್ಚಾಗೋ ಮುಂಚೆ ಹೇಳೋಣ ಅಂತಾನೇ ಅವತ್ತು ಬಂದಿದ್ದೆ. ಸಭೇಲಿ ಕೇಳಿದ್ದು ನನ್ನದೂ ತಪ್ಪು."

"ಅಷ್ಟು ಅವಮಾನ ಮಾಡಿದ್ರೂ ಕೋಪ ಬರ್ಲಿಲ್ವಾ?"

"ಬಂತು. ಆದ್ರೆ ಎರಡು ವರ್ಷದಿಂದ ನಾನು ಅಳೆಯೋದೇ ನೀವು ಓದ್ತೀರಿ ಅಂತ..." ಅವನು ತಲೆ ತಗ್ಗಿಸಿದ.

ಅವಳ ಕಣ್ಣು ತುಂಬಿ ಬಂತು. ಆ ಕಪ್ಪು ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಮೊದಲಿಂದ ಶುರು ಮಾಡ್ಬೇಕು. ಎಷ್ಟು ವರ್ಷ ಹಿಡಿಯುತ್ತೋ..."

"ನಾನಿರ್ತೀನಿ, ನಿಮ್ಮ ಜೊತೆ."

"ಹಾಗಿದ್ರೆ ಈ 'ನೀವು' ಬಿಡು."

ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಕೂತ್ಕೋ."