ಒಂದು ಹಲ್ಲು ಹಿಂದೆ

ಬೆಳಗಿನ ಹತ್ತೂವರೆಯ ಬಿಸಿಲಿನಲ್ಲಿ ಒಂದು ಬಿಳಿ ಕಾರು ನಿಂತಿದೆ. ಬಾನೆಟ್ ಮೇಲಕ್ಕೆದ್ದಿದೆ, ಬಹಳ ಹೊತ್ತಿನಿಂದ ಆಕಳಿಸುತ್ತಿರುವವನ ಬಾಯಿಯಂತೆ. ಕಾರಿನ ಹಿಂದೆ ಐಸ್ ಪ್ಲಾಂಟಿನ ಗೋಡೆ. ಉಪ್ಪುಗಾಳಿಗೆ ಅದರ ಸುಣ್ಣ ಹಕ್ಕಳೆಯೆದ್ದು, ಯಾವ ದೇಶದ್ದೂ ಅಲ್ಲದ ನಕಾಶೆಯೊಂದು ಮೂಡಿದೆ. ಗೋಡೆಯಲ್ಲಿ ಒಂದು ದಪ್ಪ ಬಾಗಿಲು. ಅದರ ಸಂದಿನಿಂದ ಇಳಿಯುವ ಬಿಳಿಯ ಹಬೆ ನೆಲ ಮುಟ್ಟುವ ಮೊದಲೇ ಇಲ್ಲವಾಗುತ್ತಿದೆ. ಮೀನಿನ ಕ್ರೇಟಿನ ಮೇಲೆ ನಾಲ್ಕು ಸ್ಪ್ಯಾನರ್, ಒಂದು ಚಹಾ ಗ್ಲಾಸು. ಬಂಪರಿನ ಮೇಲೆ ಒಂದು ಕಾಗೆ. ಆಚೆ, ಸಮುದ್ರ ಸೇರಲು ಅವಸರವೇ ಇಲ್ಲದ ಶರಾವತಿ. ಏನೂ ಅಲುಗುತ್ತಿಲ್ಲ.

ಈ ಚಿತ್ರದಲ್ಲಿ ಕಾಣದಿರುವುದು ಎರಡು.

ಒಂದು, ನನ್ನ ಪಕ್ಕೆಲುಬಿಗೆ ಒತ್ತಿಕೊಂಡಿದ್ದ ಮೀನು ಕೊಯ್ಯುವ ಕತ್ತಿ.

ಇನ್ನೊಂದು, ಆ ದಪ್ಪ ಬಾಗಿಲಿನ ಹಿಂದೆ ನಡುಗುತ್ತಿದ್ದ ಮನುಷ್ಯ.

“ಹೂಂ, ಸರ್ವೇಯರ್ರೇ...” ಎಂದ ಸುಬ್ಬ. “ಯಾರ್ಯಾರ ಗಾಡಿಗೋ ವರದಿ ಬರೆದ್ರಿ. ನಮ್ಮ ಗಾಡಿಗೂ ಒಂದು ಬರೀರಿ!”

ಸುಬ್ಬ ಆ ಐಸ್ ಪ್ಲಾಂಟನ್ನು ಗುತ್ತಿಗೆ ಹಿಡಿದವನು. ಕತ್ತಿ ಹಿಡಿದಿದ್ದವನು ಅವನ ಆಳು, ದಾಸ. ಊರು ಕಾಸರಕೋಡು. ಹೊಳೆಯ ಆಚೆ ದಡದಲ್ಲಿ ಹೊನ್ನಾವರ ಪೇಟೆ ಎಂದಿನಂತೆ ವ್ಯಾಪಾರ ಮಾಡುತ್ತಿತ್ತು. ನನ್ನ ಕೂಗು ಅಲ್ಲಿಯವರೆಗೆ ಮುಟ್ಟುವಂತಿರಲಿಲ್ಲ.

ನಾನು ಗುರುದತ್ತ. ಕುಮಟೆಯವನು. ಏಳು ವರ್ಷ ಗ್ಯಾರೇಜಿನಲ್ಲಿ ದುಡಿದವನು. ಆಮೇಲೆ ಮೂವತ್ತೊಂದು ವರ್ಷ ಇನ್ಶೂರೆನ್ಸಿಗಾಗಿ ಅಪಘಾತದ ಗಾಡಿಗಳನ್ನು ಪರೀಕ್ಷಿಸಿ ವರದಿ ಬರೆದವನು. ಒಂದೂ ಸುಳ್ಳು ವರದಿ ಬರೆದಿಲ್ಲ. ಇದು ಹೆಮ್ಮೆಯ ಮಾತಲ್ಲ, ಅಭ್ಯಾಸದ ಮಾತು. ನಿವೃತ್ತಿಯ ನಂತರ, ಪೊಲೀಸರಿಗೆ ಹೇಳಲಾಗದ್ದನ್ನು ಜನ ನನಗೆ ಹೇಳತೊಡಗಿದರು.

ಹಿಂದಿನ ದಿನ ಹೇಳಿದವಳು ಸೋಮಿ. ಭಟ್ಕಳದ ಬಳಿಯ ಬೆಳಕೆ ಊರಿನವಳು. ಭಟ್ಕಳದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿಯ ಮುಂದೆ ಕುಳಿತು, ನನ್ನ ಮುಖ ನೋಡದೆ ಮಾತಾಡಿದಳು.

“ಗುರುದತ್ತಣ್ಣ, ನಮ್ಮನೆಯವ್ರು ಹೋಗಿ ಎರಡು ದಿನ ಆತು. ಬರ್ಲಿಲ್ಲ.”

ಅವಳ ಗಂಡ ಮಾಬ್ಲ. ಬೋಟಿನ ಇಂಜಿನ್, ಕಾರು, ಎರಡಕ್ಕೂ ಕೈ ಹಾಕುವ ಮೆಕ್ಯಾನಿಕ್.

“ಕರ್ಕೊಂಡು ಹೋದವರು ಯಾರು?”

“ಹೆಸ್ರು ಹೇಳ್ಕಂಡು ಬರ್ತ್ರಾ ಅಣ್ಣ? ಸೋಮವಾರ ಬಂದ್ರು, ಬಿಳೀ ಕಾರಿಗೆ ಟೈಮಿಂಗ್ ಬೆಲ್ಟ್ ಹಾಕ್ಬೇಕು ಅಂದ್ರು. ಇವ್ರು ಹೋಗಿ ಹಾಕಿ ಬಂದ್ರು. ಬುಧವಾರ ಮತ್ತೆ ಬಂದು ಎತ್ಕಂಡೇ ಹೋದ್ರು!”

“ಪೊಲೀಸಿಗೆ...”

“ಹೇಳಿದ್ರೆ ಹೆಣ ಬತ್ತದೆ ಅಂದ್ರು.” ಅವಳ ಕೈ ಬಂಗಡೆಗಳನ್ನು ಒಂದೊಂದಾಗಿ ತಿರುಗಿಸಿಡುತ್ತಿತ್ತು. “ನೀವು ಎಂತಾದ್ರೂ ತಗಳಿ ಮಾರಾಯ್ರೇ. ಸುಮ್ನೆ ನಿಂತ್ರೆ ಜನ ನೋಡ್ತ್ರು.”

ಬಂಗಡೆ ತೆಗೆದುಕೊಂಡೆ. ಆ ಬೆಲ್ಟ್ ಮಾರಿದ ಅಂಗಡಿಯನ್ನು ಹುಡುಕಿದೆ. ಭಟ್ಕಳದಲ್ಲಿ ಸಿಗಲಿಲ್ಲ. ಹೊನ್ನಾವರದಲ್ಲೂ ಇಲ್ಲ. ಕಡೆಗೆ ಸಿಕ್ಕಿದ್ದು ನನ್ನ ಕುಮಟೆಯಲ್ಲೇ, ನನ್ನ ಮನೆಯಿಂದ ಮೂರನೇ ಅಂಗಡಿಯಲ್ಲಿ. ಸ್ಪೇರ್ ಪಾರ್ಟ್ಸಿನ ಧನ್ಯಶ್ರೀಗೆ ಗಿರಾಕಿಯ ಮುಖ ನೆನಪಿರಲಿಲ್ಲ. “ವಾಸನೆ ನೆನಪದೆ,” ಎಂದಳು. “ಕಾಸರಕೋಡಿನ ಐಸ್ ಪ್ಲಾಂಟಿನ ಸುಬ್ಬಣ್ಣನ ಗಾಡಿಗೆ ಅಂದ. ಮೀನಿನ ಲಾರಿಯೇ ಒಳಗೆ ಬಂದ ಹಾಗೆ ಆತು!”

ಹಾಗೆ ನಾನು ಇಲ್ಲಿಗೆ ಬಂದೆ. ನನ್ನ ಹಳೆಯ ಕಾರನ್ನು ಗಾಳಿಮರಗಳ ನೆರಳಿನಲ್ಲಿ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದೆ. ಐದನೆಯ ಹೆಜ್ಜೆಗೆ ಕತ್ತಿ!

“ಎಂತ ಆಯ್ತು ಗಾಡಿಗೆ?” ಕೇಳಿದೆ.

“ಸಪಾಟು ರಸ್ತೇಲಿ ಓಡ್ತದೆ. ಮಂಗಳವಾರ ಗೇರುಸೊಪ್ಪೆ ಘಟ್ಟ ಹತ್ತಿತ್ತು, ಹಿಂದೆ ಭಾರ ಇತ್ತು. ಅರ್ಧ ಏರಿಗೆ ಉಸಿರು ಬಿಡ್ತು. ನನ್ನ ತಮ್ಮ ರಾಮ ಸಾಮಾನು ಇಳಿಸ್ಕಂಡು ಅಲ್ಲೇ ಕಾವಲು ಕೂತ. ಈ ದಾಸ ಖಾಲಿ ಗಾಡಿ ತಿರುಗಿಸ್ಕಂಡು ಬಂದ. ಬೆಳಿಗ್ಗೆ ಪೊಲೀಸ್ರು ಬಂದ್ರು... ರಾಮ ಈಗ ಒಳಗೆ!”

“ಸಾಮಾನು ಎಂತದು?”

“ಅದು ವರದಿಗೆ ಬೇಡ.”

ಅವನು ಹೇಳಬೇಕಾಗಿರಲಿಲ್ಲ, ನನಗೆ ಗೊತ್ತಿತ್ತು. ಮೋಟಾರು ದೋಣಿಗಳ ಹಿಂಬದಿಗೆ ಸಿಕ್ಕಿಸುವ ಐದು ಇಂಜಿನ್. ಬೆಳಕೆಯ ದಡದಿಂದ ಕದ್ದದ್ದು. ಘಟ್ಟದಲ್ಲಿ ಸಿಕ್ಕಿದ್ದು ಪತ್ರಿಕೆಯಲ್ಲಿ ಬಂದಿತ್ತು. ಒಂದೊಂದು ಇಂಜಿನ್ನಿನ ಹಿಂದೆ ನಾಲ್ಕು ಮನೆಯ ಅನ್ನ.

ಸುಬ್ಬ ನನ್ನ ಹತ್ತಿರ ಬಂದ.

“ಮಾಬ್ಲನ್ನ ಐಸ್ ರೂಮಿಗೆ ಹಾಕಿ ಅರ್ಧ ಗಂಟೆ ಆತು. ಅವ ಎಂತ ಹೇಳ್ತಾನೆ, ಅದು ನಂಗೆ ಬೇಡ, ಬಾಯಿ ತೆಗೀಲಿಕ್ಕೇ ಬಿಡ್ಲಿಲ್ಲ. ಇಂಜಿನ್ ಎಂತ ಹೇಳ್ತದೆ ಅದು ಹೇಳಿ. ತಪ್ಪಿ ಮಾಡಿದ್ದಾ, ಬೇಕಂತ ಮಾಡಿದ್ದಾ? ತಪ್ಪಿ ಆದ್ರೆ ಮನೆಗೆ ಹೋಗ್ತಾನೆ. ಬೇಕಂತ ಆದ್ರೆ... ಸಮುದ್ರಕ್ಕೆ.”

“ಅವನಿಗೆ ಎರಡು ಗೋಣಿಚೀಲ ಕೊಡಿ. ಇಲ್ಲದಿದ್ದರೆ ನನ್ನ ವರದಿ ಮುಗಿಯುವ ಮೊದಲು ಅವನೇ ಮುಗಿಯುತ್ತಾನೆ.”

ಸುಬ್ಬ ನಕ್ಕ. ಗೋಣಿಚೀಲ ಒಳಗೆ ಹೋಯಿತು. ಬಾಗಿಲು ಮತ್ತೆ ಮುಚ್ಚಿತು.

ಕಾರು ಸ್ಟಾರ್ಟ್ ಮಾಡಿಸಿದೆ. ಮೂರನೆಯ ಸಲಕ್ಕೆ ಹಿಡಿಯಿತು. ಐಡಲ್‌ನಲ್ಲಿ ನಿಂತಲ್ಲೇ ಓಡುವಾಗ, ಮುದುಕನೊಬ್ಬ ಮೆಟ್ಟಿಲೊಂದನ್ನು ಮರೆತು ಇಳಿಯುವ ಹಾಗೆ ಮುಗ್ಗರಿಸುತ್ತಿತ್ತು. ಡೀಸೆಲ್ ಬರುತ್ತಿತ್ತು. ಏರ್ ಫಿಲ್ಟರ್ ಸ್ವಚ್ಛವಾಗಿತ್ತು. ಆಕ್ಸಿಲರೇಟರ್ ಒತ್ತಿದರೆ ಸದ್ದು ಬರುತ್ತಿತ್ತು, ಬಲ ಬರುತ್ತಿರಲಿಲ್ಲ. ನಿಲ್ಲಿಸಿದೆ. ಬೆಲ್ಟಿನ ಕವರ್ ಬಿಚ್ಚಿದೆ.

ವಿಷಯ ಸರಳ. ಕೆಳಗೊಂದು ಹಲ್ಲಿನ ಚಕ್ರ, ಮೇಲೊಂದು ಹಲ್ಲಿನ ಚಕ್ರ, ನಡುವೆ ಹಲ್ಲಿನ ಬೆಲ್ಟ್. ಕೆಳಗಿನದು ಪಿಸ್ಟನ್ನಿನದು. ಮೇಲಿನದು ವಾಲ್ವುಗಳದು, ಅಂದರೆ ಇಂಜಿನ್ನಿನ ಉಸಿರಿನದು. ಎರಡರ ಗುರುತುಗಳೂ ಒಂದೇ ಕ್ಷಣಕ್ಕೆ ತಮ್ಮ ತಮ್ಮ ಗೆರೆಗೆ ಬರಬೇಕು.

ಸ್ಪ್ಯಾನರ್ ಹಾಕಿ ತಿರುಗಿಸಿದೆ. ಕೆಳಗಿನ ಗುರುತು ಗೆರೆಗೆ ಬಂತು. ಮೇಲಿನದು ಬರಲಿಲ್ಲ.

ಒಂದು ಹಲ್ಲು ಹಿಂದೆ. ಒಂದೇ ಒಂದು!

ಒಂದು ಹಲ್ಲಿಗೆ ಇಂಜಿನ್ ಸಾಯುವುದಿಲ್ಲ. ಪ್ರತಿ ಉಸಿರನ್ನೂ ಚೂರು ತಡವಾಗಿ ಎಳೆಯುತ್ತದೆ. ಸಮತಟ್ಟಿನಲ್ಲಿ ಗೊತ್ತಾಗುವುದಿಲ್ಲ. ಭಾರ ಹೊತ್ತು ಘಟ್ಟ ಹತ್ತಿದಾಗ ಗೊತ್ತಾಗುತ್ತದೆ.

ಆಗ ನನ್ನ ಕಣ್ಣಿಗೆ ಇನ್ನೊಂದು ಬಿತ್ತು.

ಮಾಬ್ಲ ಎಲೆ-ಅಡಿಕೆ ಹಾಕುವವನು. ಡಬ್ಬಿಯ ಸುಣ್ಣದಿಂದಲೇ ಬೆಲ್ಟಿಗೂ ಚಕ್ರಕ್ಕೂ ಗುರುತಿನ ಗೆರೆ ಎಳೆದಿದ್ದ. ಮೇಲಿನ ಚಕ್ರದಲ್ಲಿ ಒಂದು ಗೆರೆ ಇರಬೇಕಿತ್ತು. ಎರಡಿದ್ದವು! ಒಂದು ಸರಿಯಾದ ಜಾಗದಲ್ಲಿ. ಮತ್ತೊಂದು ಒಂದು ಹಲ್ಲು ಪಕ್ಕದಲ್ಲಿ, ಕೂದಲಿನಷ್ಟು ತೆಳ್ಳಗೆ. ಬೆಲ್ಟಿನ ಗೆರೆ ಕುಳಿತಿದ್ದದ್ದು ಆ ಎರಡನೆಯದಕ್ಕೆ ನೇರವಾಗಿ.

ಕೈತಪ್ಪಿ ಆಗುವ ತಪ್ಪು ತನಗಾಗಿ ಗೆರೆ ಎಳೆದುಕೊಳ್ಳುವುದಿಲ್ಲ.

ಮಾಬ್ಲ ಬೇಕೆಂದೇ ಮಾಡಿದ್ದ. ಕಸುಬುದಾರ... ಮೋಸವನ್ನೂ ಅಳತೆ ಮಾಡದೆ ಮಾಡಲು ಅವನಿಗೆ ಬಂದಿರಲಿಲ್ಲ.

“ಎಂತ ಕಾಣ್ತು?” ಸುಬ್ಬ ಬಗ್ಗಿದ.

“ಗ್ರೀಸು,” ಎಂದೆ. ಹೆಬ್ಬೆರಳಿನಿಂದ ಒರೆಸಿದೆ. ತೆಳ್ಳನೆಯ ಗೆರೆ ನನ್ನ ಬೆರಳಿಗೆ ಬಂತು.

ಮೂವತ್ತೊಂದು ವರ್ಷದ ಅಭ್ಯಾಸ ಅಷ್ಟು ಸುಲಭವಾಗಿ ಹೋಯಿತು.

“ಸುಬ್ಬಣ್ಣ, ಈ ದಾಸ ಮೊದಲು ಎಲ್ಲಿದ್ದ?”

“ಬೋಟಿನಲ್ಲಿ. ಹತ್ತು ವರ್ಷ.”

“ದಾಸ, ಕತ್ತಿ ಎಡಗೈಗೆ ತಗೊ. ಈ ಸ್ಪ್ಯಾನರ್ ಹಿಡಿ. ಇಂಜಿನ್ ತಿರುಗಿಸು.”

ದಾಸ ಸುಬ್ಬನ ಮುಖ ನೋಡಿದ. ಸುಬ್ಬ ತಲೆಯಾಡಿಸಿದ. ದಾಸ ಸ್ಪ್ಯಾನರ್ ಸಿಕ್ಕಿಸಿ ಒತ್ತಿದ.

ಎಡಕ್ಕೆ!

“ನೋಡಿದಿರಾ? ಇದು ಬಲಕ್ಕೆ ತಿರುಗಬೇಕಾದ ಇಂಜಿನ್. ಬೋಟಿನಲ್ಲಿ ನೀವು ಇಂಜಿನ್ನಿನ ಹಿಂಬದಿ ನಿಂತು, ದೊಡ್ಡ ಚಕ್ರಕ್ಕೆ ಹಾರೆ ಕೊಟ್ಟು ತಿರುಗಿಸುತ್ತೀರಿ. ಹಿಂದಿನಿಂದ ನೋಡುವವನಿಗೆ ಅದು ಎಡ. ಕಾರಿನಲ್ಲಿ ಮುಂಬದಿ ನಿಲ್ಲುತ್ತೇವೆ. ಕೈ ಮಾತ್ರ ಬೋಟಿನಲ್ಲೇ ಇರುತ್ತದೆ. ಎಡಕ್ಕೆ ತಿರುಗಿಸಿದರೆ ಬೆಲ್ಟಿನ ಸಡಿಲು ತಪ್ಪು ಬದಿಗೆ ಸೇರುತ್ತದೆ. ಹಾಗೇ ಬಿಗಿ ಮಾಡಿದರೆ ಒಂದು ಹಲ್ಲು ಹಾರುತ್ತದೆ. ಮಾಬ್ಲನದ್ದು ಬೋಟಿನ ಕೈ. ತಪ್ಪಿ ಆದದ್ದು.”

ಪ್ರತಿ ಮಾತೂ ನಿಜ, ಕೊನೆಯದೊಂದನ್ನು ಬಿಟ್ಟು.

“ದಾಸ ದಡ್ಡ,” ಎಂದ ಸುಬ್ಬ. “ಮಾಬ್ಲ ದಡ್ಡ ಅಲ್ಲ. ಮೊದ್ಲು ಗಾಡಿ ಎಳೀಲಿ. ಆಮೇಲೆ ನೋಡ್ವ.”

ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್ ಸಡಿಲಿಸಿದೆ. ಬೆಲ್ಟ್ ಜಾರಿಸಿದೆ. ಮೇಲಿನ ಚಕ್ರವನ್ನು ಒಂದು ಹಲ್ಲು ಮುಂದೆ ತಂದೆ. ಬೆಲ್ಟ್ ಕೂರಿಸಿ ಬಿಗಿಗೊಳಿಸಿ, ಕೈಯಿಂದ ಬಲಕ್ಕೆ ಎರಡು ಪೂರ್ತಿ ಸುತ್ತು. ಎರಡು ಗುರುತೂ ತಮ್ಮ ಗೆರೆಗೆ ಬಂದು ನಿಂತವು. ಮೂವತ್ತೈದು ನಿಮಿಷ. ನಡುವೆ ಒಮ್ಮೆ ದಪ್ಪ ಬಾಗಿಲಿನ ಒಳಗಿನಿಂದ ತಟ್ಟುವ ಸದ್ದು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ಕೇಳಿಸದಿದ್ದುದೇ ಹೆಚ್ಚು ಕೇಳಿಸಿತು.

ಕೀಲಿ ತಿರುಗಿಸಿದ ಮೊದಲ ಸಲಕ್ಕೇ ಸ್ಟಾರ್ಟ್!

“ನೀವೇ ಬಿಡಿ,” ಎಂದು ಸುಬ್ಬ ಪಕ್ಕದಲ್ಲಿ ಕುಳಿತ. ಕತ್ತಿ ಅವನ ತೊಡೆಯ ಮೇಲೆ.

ಸೇತುವೆ ದಾಟಿದೆವು. ಹೊನ್ನಾವರದ ಏರು ಎದುರಾಯಿತು. ಟಾಪ್ ಗೇರಿನಲ್ಲೇ ಬಿಟ್ಟೆ. ಕಾರು ಗೊಣಗದೆ ಏರಿತು.

ಅಷ್ಟರಲ್ಲಿ ಕನ್ನಡಿಯಲ್ಲಿ ಹೆದ್ದಾರಿ ಪೊಲೀಸರ ಗಾಡಿ! ಕೈ ಹೊರಗೆ ಹಾಕಿ, ನಿಲ್ಲಿಸಿ ಎನ್ನುತ್ತಿದ್ದರು.

“ತುಳೀರಿ!” ಕತ್ತಿಯ ಮೊನೆ ನನ್ನ ಸೊಂಟಕ್ಕೆ ಬಂತು.

ತುಳಿದೆ. ಒಂದು ಬಸ್ಸನ್ನು ಎಡದಿಂದ ದಾಟಿದೆ. ಗ್ಯಾಸ್ ಟ್ಯಾಂಕರೊಂದನ್ನು ಬಲದಿಂದ. ಕರ್ಕಿಯ ತಿರುವಿನಲ್ಲಿ ಹಿಂದಿನ ಟಯರು ಕಿರುಚಿತು. ಪೊಲೀಸರು ಕನ್ನಡಿಯಲ್ಲಿ ಚಿಕ್ಕದಾದರು... ಇನ್ನೂ ಚಿಕ್ಕದಾದರು... ಇಲ್ಲವಾದರು. ಎರಡು ನಿಮಿಷ ತಪ್ಪಿಸಿಕೊಳ್ಳಲಾರದ ಕಾರನ್ನು ನಾನೇ ತಪ್ಪಿಸಿಕೊಳ್ಳುವ ಹಾಗೆ ಮಾಡಿದ್ದೆ. ನನ್ನ ಕೆಲಸದ ಅಚ್ಚುಕಟ್ಟಿನ ಬಗ್ಗೆ ನನಗೆ ಬೇಸರವಾದದ್ದು ಅದೊಂದೇ ಸಲ.

“ಎಳೀತದೆ ಮಾರಾಯ್ರೇ!” ಎಂದ ಸುಬ್ಬ, ಮಗುವಿನಂತೆ.

ಒಳದಾರಿ ಹಿಡಿದು ತಿರುಗಿ ಬಂದೆವು. ದಪ್ಪ ಬಾಗಿಲು ತೆರೆಯಿತು.

ಮಾಬ್ಲ ಗೋಣಿಚೀಲದೊಳಗೆ ಮುದುಡಿದ್ದ. ತುಟಿ ನೀಲಿ. ರೆಪ್ಪೆಯ ಮೇಲೆ ಬಿಳಿ. ದಾಸ ಎಳೆದು ತಂದು ಬಿಸಿಲಿನಲ್ಲಿ ನಿಲ್ಲಿಸಿದ. ಸುಬ್ಬ ಸ್ಪ್ಯಾನರನ್ನು ಅವನ ಕೈಗಿಟ್ಟ.

“ಮಾತು ಬೇಡ. ಇಂಜಿನ್ ತಿರುಗಿಸು.”

ನಾನು ಬಾಯಿ ತೆರೆಯುವಂತಿರಲಿಲ್ಲ. ಕತ್ತಿ ಮತ್ತೆ ದಾಸನ ಕೈ ಸೇರಿ, ಈಗ ನನ್ನ ಕುತ್ತಿಗೆಯಲ್ಲಿತ್ತು. ಕಣ್ಣು ಮಿಟುಕಿಸುವಂತೆಯೂ ಇರಲಿಲ್ಲ, ಸುಬ್ಬ ನನ್ನನ್ನೇ ನೋಡುತ್ತಿದ್ದ. ಮಾಬ್ಲನಿಗೆ ನಾನು ಹೇಳಿದ ಸುಳ್ಳು ಗೊತ್ತಿಲ್ಲ. ಬಲಕ್ಕೆ ತಿರುಗಿಸಿದರೆ ಅವನು ಒಳ್ಳೆಯ ಕಾರ್ ಮೆಕ್ಯಾನಿಕ್, ಮತ್ತು ಹೆಣ.

ಅವನು ಬಗ್ಗಿದ. ಸ್ಪ್ಯಾನರ್ ಎರಡು ಸಲ ಜಾರಿತು. ಮೂರನೆಯ ಸಲ ಕೂತಿತು.

ಎಡಕ್ಕೆ.

ಸುಬ್ಬ ಮೀನಿನ ಕ್ರೇಟನ್ನು ಒದ್ದ. ಮರಳಿ ಬಂದು ಕೂತಿದ್ದ ಕಾಗೆ ಹಾರಿಹೋಯಿತು.

“ಥೂ! ಬೋಟಿನವ್ನ ಕೈಲಿ ಕಾರು ಕೊಟ್ಟ ನಂಗೇ ಬುದ್ಧಿ ಇಲ್ಲ. ಕರ್ಕೊಂಡು ಹೋಗಿ ಇವನ್ನ. ಬಾಯಿ ಬಿಟ್ರೆ... ಐಸ್ ರೂಮಿನಲ್ಲಿ ಇಬ್ಬರಿಗೂ ಜಾಗ ಅದೆ!”

ಹೊರಡುವ ಮೊದಲು ನಾನು ಇಂಜಿನ್ನನ್ನು ಮತ್ತೆ ಬಲಕ್ಕೆ ಎರಡು ಸುತ್ತು ತಿರುಗಿಸಿ, ಗುರುತು ನೋಡಿ, ಕವರ್ ಹಾಕಿದೆ. ಕಸುಬು ಎಂದರೆ ಕಸುಬು.

ಮಂಕಿ ಊರು ದಾಟುವಾಗ ಪೊಲೀಸರಿಗೆ ಫೋನ್ ಮಾಡಿದೆ. ಐಸ್ ಪ್ಲಾಂಟು, ಕಾರಿನ ನಂಬರು, ಬೆಳಕೆಯ ಇಂಜಿನ್ನು, ಎಲ್ಲ ಹೇಳಿದೆ. “ಬೆನ್ನಟ್ಟಲು ಹೋಗಬೇಡಿ, ಸಿಗುವುದಿಲ್ಲ. ಪ್ಲಾಂಟಿನ ಗೇಟಿಗೆ ನಿಮ್ಮ ಗಾಡಿ ಅಡ್ಡ ನಿಲ್ಲಿಸಿ. ಆ ಕಾರಿನ ಟೈಮಿಂಗ್ ಈಗ ಸರಿಯಾಗಿದೆ,” ಎಂದೆ.

ಭಟ್ಕಳದವರೆಗೆ ಮಾಬ್ಲ ಕಿಟಕಿಯ ಬಿಸಿಲನ್ನು ಎರಡೂ ಅಂಗೈಯಲ್ಲಿ ಹಿಡಿದು ಕುಳಿತಿದ್ದ. ಬೆಳಕೆ ಹತ್ತಿರವಾಗುವಾಗ ಫೋನ್ ಬಂತು. ಕೇಳಿಸಿಕೊಂಡೆ, ಇಟ್ಟೆ.

“ಗೇಟಿನಲ್ಲೇ ಹಿಡಿದರಂತೆ. ಇಬ್ಬರನ್ನೂ.”

ಅವನು ಉಸಿರು ಬಿಟ್ಟ.

“ಎಡಕ್ಕೇ ತಿರುಗಿಸಬೇಕು ಅಂತ ನಿನಗೆ ಹೇಗೆ ಗೊತ್ತಾಯಿತು?” ಕೇಳಿದೆ.

“ಸೋಮವಾರವೇ ಯೋಚನೆ ಮಾಡ್ಕಂಡಿದ್ದೆ, ಅಣ್ಣ. ಹಿಂದಿನ ಸೀಟಿನ ಕೆಳಗೆ ನಮ್ಮೂರಿನ ದೋಣಿ ಇಂಜಿನ್ನಿನ ಟೋಪಿ, ಅದರ ಮೇಲ್ಮುಚ್ಚಳ, ಕಂಡೆ. ಬಣ್ಣ ಹೊಡೆದವ ನಾನೇ. ಬೇಕಂತ ಮಾಡಿದ್ರೂ ಬೋಟಿನವ ತಪ್ಪಿ ಮಾಡಿದ ಹಾಗೇ ಕಾಣ್ಬೇಕು ಅಂತ ಮಾಡ್ದೆ. ಆ ಸುಣ್ಣದ ಗೆರೆ ಒರೆಸೂದೊಂದು ಮರ್ತಿದ್ದೆ... ಐಸಿನಲ್ಲಿ ಕೂತಾಗ ನೆನಪಾತು.”

ಅವನ ಮನೆಯ ಮುಂದೆ ಕಾರು ನಿಲ್ಲಿಸಿದೆ. ಸೋಮಿ ಬಾಗಿಲಲ್ಲಿದ್ದಳು. ಕಂಬ ಹಿಡಿದುಕೊಂಡಳು, ಅಷ್ಟೇ.

ಮಾಬ್ಲ ಇಳಿಯುತ್ತ ನನ್ನ ಹೆಬ್ಬೆರಳನ್ನು ನೋಡಿದ. ಗ್ರೀಸಿನ ನಡುವೆ ಸುಣ್ಣದ ಬಿಳಿ ಇನ್ನೂ ಉಳಿದಿತ್ತು.

“ಅಣ್ಣ... ಅದು ನೀವು ತಪ್ಪಿ ಒರೆಸಿದ್ದಾ, ಬೇಕಂತ ಒರೆಸಿದ್ದಾ?”

“ತಪ್ಪಿ,” ಎಂದೆ. “ವರದಿಯಲ್ಲಿ ಹಾಗೇ ಇದೆ.”

ಅವನು ಕಾರಿನ ಬಾಗಿಲು ಹಾಕಿದ.