ಸಾಹೇಬನ ಹಡಗಿನ ಖರ್ಚು

“ಸತ್ತು ಮಣ್ಣಾದ ಸಾಹೇಬನ ನೇಮಕಾತಿ ಹುಕುಂ ಕದ್ದು ಯಾರು ನೌಕರಿಗೆ ಹಾಜರಾಗ್ತಾರ?”

ದೂರಿನ ಹಾಳೆ ನೋಡುತ್ತ ಇನ್‌ಸ್ಪೆಕ್ಟರ್ ಹರ್ಷದಾ ತಮ್ಮಷ್ಟಕ್ಕೆ ಕೇಳಿದರು. 

ಫೆಬ್ರುವರಿ ೧೧, ಬೆಳಿಗ್ಗೆ ಹತ್ತೂವರೆ. ದೂರುದಾರ ವಿಶ್ವಜಿತ್ ಹೈದರಾಬಾದಿನ ಕೋಠಿ ಬಡಾವಣೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ನಡೆಸುತ್ತಿದ್ದವರು. ಹಿಂದಿನ ದಿನ ಮಧ್ಯಾಹ್ನ ಕಾವಲುಗಾರ ಅಮರಯ್ಯ ಊಟಕ್ಕೆ ಹೋದಾಗ ಗಾಜಿನ ಪೆಟ್ಟಿಗೆಯಿಂದ ಹುಕುಂ ಕಾಣೆಯಾಗಿತ್ತು. ಹೈದರಾಬಾದಿನಲ್ಲಿ ಗುಮಾಸ್ತನಾಗಿದ್ದ ಥಾರ್ನ್ ಎಂಬ ಇಂಗ್ಲಿಷಿನವನನ್ನು, ಸುಮಾರು ನೂರೈವತ್ತು ವರ್ಷದ ಹಿಂದೆ, ಕಡಲಾಚೆಯ ಪಿನಾಂಗ್ ದ್ವೀಪಕ್ಕೆ ಅಧಿಕಾರಿಯಾಗಿ ನೇಮಿಸಿದ ಕಾಗದ ಅದು. ಎಫ್‌ಐಆರ್ ದಾಖಲಾಯಿತು.

ಪಂಚನಾಮೆಯ ಪ್ರಕಾರ ಪೆಟ್ಟಿಗೆಗೆ ಬೀಗವಿರಲಿಲ್ಲ. ಹುಕುಂ ಇದ್ದ ಜಾಗದಲ್ಲಿ ಒಂದು ಹಿಡಿ ಅಕ್ಕಿ, ಮೇಲೊಂದು ಅಡಿಕೆ.

“ಕಳ್ಳ ದಕ್ಷಿಣಿ ಇಟ್ಟು ಹೋಗ್ಯಾನ್ರಿ ಮೇಡಂ,” ಎಂದು ಕಾನ್‌ಸ್ಟೇಬಲ್ ರಾಹುಲ ನಕ್ಕ.

ಹರ್ಷದಾ ನಗಲಿಲ್ಲ. ದೇವರ ಜಗಲಿಯಿಂದ ದೀಪ ತೆಗೆದರೂ ಆ ಜಾಗ ಬರಿದಾಗಬಾರದೆಂದು ಅವರ ತಾಯಿ ಹೀಗೇ ಅಕ್ಕಿ ಇಡುತ್ತಿದ್ದರು.

“ಕಳ್ಳ ಅಲ್ಲೋ, ಕಳ್ಳಿ. ಅದೂ ನಮ್ಮ ಕಡೀ ಹೆಣ್ಮಗಳು.”

ಅಮರಯ್ಯನನ್ನು ಕರೆಸಿದರು.

“ದಿನಾ ಬರೋ ಹೆಂಗಸು ಯಾರರ ಇದ್ರೇನು?”

“ಒಬ್ಬ ಅಮ್ಮಾರು ಇದ್ದಾರ್ರಿ, ಸುಂದರಾಬಾಯಿ ಅಂತ. ಬೋರ್ಡ್ ಬದಲಸ್ರಿ ಅಂತ ವಿಶ್ವಜಿತ್ ಸಾಹೇಬ್ರ ಜೋಡಿ ದಿನಾ ಜಗಳ. ಕಾಚಿಗುಡಾದಾಗ ಮನಿ. ನಾನೇ ಆಟೋ ಹತ್ತಸ್ತಿದ್ದೆ.”

ಪೆಟ್ಟಿಗೆಯ ಬೋರ್ಡ್ ಹೀಗಿತ್ತು: ‘ಸ್ವಂತ ಹಣದಲ್ಲಿ ಹಡಗೇರಿದ ಸ್ವಾಭಿಮಾನಿ.’

ಮಧ್ಯಾಹ್ನ ಮೂರಕ್ಕೆ ಕಾಚಿಗುಡಾ. ಹುಕುಂ ದೇವರ ಜಗಲಿಯ ಮೇಲಿತ್ತು, ಕುಂಕುಮ ಹಚ್ಚಿಸಿಕೊಂಡು. ಎಪ್ಪತ್ತು ದಾಟಿದ ಸುಂದರಾಬಾಯಿ ಬಚ್ಚಿಡುವ ಗೋಜಿಗೇ ಹೋಗಿರಲಿಲ್ಲ.

“ಯಾಕ ತಂದ್ರಿ?”

“ಸರಕಾರ ಆ ಥಾರ್ನ್ ಸಾಹೇಬಗ ನೌಕರಿ ಕೊಟ್ಟಿತ್ತು, ಹಡಗಿನ ರೊಕ್ಕ ಕೊಟ್ಟಿರಲಿಲ್ಲ. ಅವನ್ನ ನಂಬಿದ್ದ ನಮ್ಮ ಮುತ್ತಜ್ಜಿ ಗದಿಗೆವ್ವ ಸೊಂಟದ ಬಂಗಾರದ ಡಾಬು ಬಿಚ್ಚಿ ಕೊಟ್ಲು. ಅಕೀ ಹೆಸರು ಬೋರ್ಡಿನ ಮ್ಯಾಲ ಬರೀರಿ ಅಂದ್ರ ವಿಶ್ವಜಿತ್ ನಕ್ಕರು.”

“ಪುರಾವೆ?”

ಮುದುಕಿ ಕಣ್ಣು ಮುಚ್ಚಿ ಮೆಲ್ಲಗೆ ಹೇಳಿದರು:

ಡಾಬ ಬಿಚ್ಚಿ ಕೊಟ್ಟಾಳ ಗದಿಗೆವ್ವ, ಕಡಲಾಚೆ
ಹೋದ ದೊರಿ ತಿರುಗಿ ನೋಡಲಿಲ್ಲ.

“ತೊಟ್ಟಿಲದಾಗ ಕೇಳಿದ್ದು. ನನ್ನ ಮಕ್ಕಳಿಗೂ ಹಾಡೀನಿ.”

“ಇದನ್ನೂ ಹೇಳಿಕಿಯಾಗ ಬರೀಲೇನ್ರಿ?” ರಾಹುಲ ಕೇಳಿದ.

“ಬರಿ.”

ಹುಕುಂ ಜಪ್ತಿಯಾಯಿತು. ಬಂಧನದ ಸಮಯ: ನಾಲ್ಕೂವರೆ. ಹಣದ ಆಸೆ ಕಂಡುಬಂದಿಲ್ಲ, ಒಂದು ಹೆಸರು ಬರೆಸುವುದೇ ಉದ್ದೇಶ ಎಂದು ಹರ್ಷದಾ ಡೈರಿಯಲ್ಲಿ ಬರೆದರು.

ಹುಕುಂ ಸಿಕ್ಕಿತೆಂದು ಠಾಣೆಗೆ ಬಂದ ವಿಶ್ವಜಿತ್ ಮೆತ್ತಗಾಗಿ ಸುಂದರಾಬಾಯಿಗೆ ಹೇಳಿದರು: “ರಾಜಿ ಆಗೋಣ, ದೂರು ಹಿಂದ ತಗೋತೀನಿ. ಡಾಬಿನ ಕತಿ ಸುಳ್ಳು ಅಂತ ಒಂದು ಸಾಲು ಬರ್ದು ಕೊಡ್ರಿ, ಸಾಕು.”

ಹರ್ಷದಾ ಹಾಳೆ, ಪೆನ್ನು ಮುಂದಿಟ್ಟರು. “ಬರ್ದುಬಿಡ್ರಿ ಅವ್ವಾ. ಮನೀಗೆ ಹೋಗ್ರಂತ.”

ಸುಂದರಾಬಾಯಿ ಪೆನ್ನನ್ನು ಮೇಜಿನ ಆಚೆಗೆ ಸರಿಸಿದರು.

“ಬರಿಯಂಗಿಲ್ಲ.”