ಗೇರ್‌ಕೇಸಿನಲ್ಲಿ ಹಾಲುಬಣ್ಣದ ಎಣ್ಣೆ

"ಅತ್ತಿಗೇ, ನನ್ನ ನಾಲಿಗೆ ಇವತ್ತು ಒಂದು ಕೊಲೆ ಮಾಡಿಸುತ್ತೆ. ಹೇಗಾದರೂ ತಡೀರಿ!"

ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದವಳು ದೋಣಿಯವನ ಹೆಂಡತಿ. ಅತ್ತಿಗೆಯ ನಾದಿನಿ ಅವಳ ತೋಳು ಹಿಡಿದು ಒಳಗೆ ಕರೆತಂದು ಕೂರಿಸಿದಳು. ನೀರು ಕೊಟ್ಟಾಗ ಅವಳ ಹಲ್ಲು ಲೋಟದ ಅಂಚಿಗೆ ಕಟಕಟ ಬಡಿಯಿತು. ಹಿಂದಿನ ದಿನ ಹೊಳೆ ದಾಟುವಾಗ ನಾದಿನಿಯೂ ಅವಳ ಗಂಡನ ದೋಣಿಯಲ್ಲಿದ್ದಳು. ನಡುನೀರಿನಲ್ಲಿ ಮೋಟಾರು ಕತ್ತು ಹಿಸುಕಿದ ಪ್ರಾಣಿಯ ಹಾಗೆ ಕಿರುಚಿಕೊಂಡಿತ್ತು. ದೋಣಿಯವನು ಗಾಬರಿಯಿಂದ ಅದನ್ನು ಆರಿಸಿದ ಮೇಲೆ ಕೇಳಿಸಿದ್ದು ಕೆಳಗಿನ ಒಡ್ಡಿನ ಭೋರ್ಗರೆತ ಮಾತ್ರ. ದೋಣಿ ಅಡ್ಡಡ್ಡ ತಿರುಗುತ್ತ ಆ ಸದ್ದಿನತ್ತಲೇ ಜಾರಿತ್ತು. ಅದೇ ಹೊಳೆಯಲ್ಲಿ ಓಡುವ ದೊಡ್ಡ ದೋಣಿಯ ಯಜಮಾನ ಹಿಂದಿನಿಂದ ಬಂದು ಹಗ್ಗ ಎಸೆದಿದ್ದರಿಂದ ಎಲ್ಲರೂ ಉಳಿದಿದ್ದರು.

ಬಂದರು ಕಚೇರಿಯಲ್ಲಿ ದೋಣಿಗಳನ್ನು ತಪಾಸಣೆ ಮಾಡುತ್ತ ತಲೆ ಹಣ್ಣಾಗಿಸಿಕೊಂಡವರು ಅತ್ತಿಗೆ. ನಿವೃತ್ತರಾದ ಮೇಲೂ ದಂಡೆಯಲ್ಲಿ ಏನು ಕಳೆದರೂ, ಏನು ಮುಳುಗಿದರೂ ಜನ ಮೊದಲು ಬರುತ್ತಿದ್ದದ್ದು ಅವರ ಬಾಗಿಲಿಗೆ. ಊರಿಗೆಲ್ಲ ಅವರು ಅತ್ತಿಗೆಯೇ. ನಿಜವಾಗಿ ಅತ್ತಿಗೆ ಎನ್ನುವ ಹಕ್ಕಿದ್ದದ್ದು ಅವರೊಂದಿಗೆ ಬಾಳುತ್ತಿದ್ದ ಈ ನಾದಿನಿಗೆ ಮಾತ್ರ.

"ಮೊದಲಿಂದ ಹೇಳು ಮಗಳೇ," ಎಂದರು ಅತ್ತಿಗೆ. "ಯಾರು ಯಾರನ್ನ ಕೊಲ್ತಾರೆ?"

"ನಮ್ಮೋರು, ಅವರ ತಮ್ಮನ್ನ. ಹೋದ ವಾರಕ್ಕೆ ಮುಂಚೆ ಒಂದು ಸಂಜೆ ಮೈದುನ ನಮ್ಮ ದೋಣಿ ಹತ್ರ ಕೂತಿದ್ದ. ಮೋಟಾರಿನ ಕೆಳಗೆ ಡಬ್ಬ ಇಟ್ಟು ಎಣ್ಣೆ ಇಳಿಸ್ತಾ ಇದ್ದ. ನಾನು ಕಣ್ಣಾರೆ ಕಂಡೆ! ಎದೆ ಧಸಕ್ಕಂತು, ಓಡಿ ಬಂದ್ಬಿಟ್ಟೆ. ಮನೆ ಒಡೆಯೋದು ಬೇಡ ಅಂತ ಬಾಯಿ ಮುಚ್ಕೊಂಡಿದ್ದೆ. ನಿನ್ನೆ ಹಾಗಾದ್ಮೇಲೆ ತಡೆಯೋಕಾಗದೆ ಹೇಳ್ಬಿಟ್ಟೆ. ಬೆಳಿಗ್ಗೆಯಿಂದ ಕಬ್ಬಿಣದ ಸರಳು ಕೆಳಗಿಟ್ಟಿಲ್ಲ ಇವರು. ಮತ್ತೆ ಹಾಳು ಮಾಡೋಕೆ ಸಂಜೆ ಬಂದೇ ಬರ್ತಾನೆ, ಬಂದರೆ ಹಿಂದಿರುಗಿ ಹೋಗಲ್ಲ ಅಂತಾರೆ."

ಅಣ್ಣತಮ್ಮಂದಿರ ಮುನಿಸು ದಂಡೆಗೆಲ್ಲ ಗೊತ್ತಿತ್ತು. ಅಪ್ಪನ ದೋಣಿ ಅಣ್ಣನ ಪಾಲಿಗೆ ಬಂದಾಗ ತಮ್ಮ ದೊಡ್ಡ ದೋಣಿಯಲ್ಲಿ ಮೋಟಾರು ನೋಡಿಕೊಳ್ಳುವ ಕೆಲಸ ಹಿಡಿದ. ಎದುರಾಳಿಯ ಕೂಲಿಯಾದ ಎಂದು ಅಣ್ಣ ಅಂದೇ ಮಾತು ಬಿಟ್ಟಿದ್ದ.

ಅತ್ತಿಗೆ ಚಪ್ಪಲಿ ಮೆಟ್ಟಿದರು. "ಪುಟ್ಟೀ, ಟಾರ್ಚ್ ತಗೋ." ಅರವತ್ತು ದಾಟಿದ ನಾದಿನಿ ಅವರಿಗೆ ಇನ್ನೂ ಪುಟ್ಟಿಯೇ.

ದೋಣಿಯನ್ನು ಇಳಿಜಾರಿನ ಮೇಲೆಳೆದು ಚಪ್ಪರದಡಿ ನಿಲ್ಲಿಸಿದ್ದರು. ದೋಣಿಯವನು ಬಲೆಯ ರಾಶಿಗೆ ಒರಗಿ ಕೂತಿದ್ದ, ಸರಳು ತೊಡೆಯ ಮೇಲಿತ್ತು. ಅವನ ಕಣ್ಣು ಕಂಡು ನಾದಿನಿ ಒಂದು ಹೆಜ್ಜೆ ಹಿಂದೆ ಸರಿದಳು. ಪ್ರತಿ ಸಲವೂ ಅವಳ ಕೈಹಿಡಿದು ದೋಣಿ ಹತ್ತಿಸುತ್ತಿದ್ದವನು ಇವನೇನಾ ಎನ್ನಿಸಿತು.

"ನೀವು ಅಡ್ಡ ಬರಬೇಡಿ ಅತ್ತಿಗೆ. ನಿನ್ನೆ ದೋಣಿಯಲ್ಲಿ ಎರಡು ಹಸುಗೂಸು ಇದ್ವು."

"ಅಡ್ಡ ಬರೋಕಲ್ಲ, ಮೋಟಾರು ನೋಡೋಕೆ ಬಂದೆ. ಗೇರ್‌ಕೇಸಿನ ಸ್ಕ್ರೂ ಬಿಚ್ಚು."

ಗೇರ್‌ಕೇಸ್ ಎಂದರೆ ಮೋಟಾರಿನ ತುದಿಯಲ್ಲಿ, ನೀರಿನೊಳಗೆ ಮುಳುಗಿರುವ ಬುಡ. ಪ್ರೊಪೆಲ್ಲರನ್ನು ತಿರುಗಿಸುವ ಹಲ್ಲುಚಕ್ರಗಳು ಅದರೊಳಗೆ ಎಣ್ಣೆಯಲ್ಲಿ ಮಿಂದಿರುತ್ತವೆ. ಅವನು ಗೊಣಗುತ್ತಲೇ ಕೆಳಗಿನದನ್ನೂ ಮೇಲಿನದನ್ನೂ ಬಿಚ್ಚಿದ. ಒಂದಿಷ್ಟು ನೀರು, ಅದರ ಹಿಂದೆ ಹಾಲು ಕಲಸಿದಂಥ ಬಿಳಿಚು ಎಣ್ಣೆ ತೊಟ್ಟಿಕ್ಕಿತು. ಅಷ್ಟೇ.

"ನೋಡಿದ್ರಾ? ಇದರ ತುಂಬ ಇರಬೇಕಾಗಿತ್ತು! ಇಳಿಸಿಕೊಂಡು ಹೋಗಿದಾನೆ."

ಅತ್ತಿಗೆ ಎರಡೂ ಸ್ಕ್ರೂಗಳನ್ನು ಅಂಗೈಯಲ್ಲಿಟ್ಟುಕೊಂಡು ಅವುಗಳ ಕತ್ತಿನ ವಾಷರುಗಳನ್ನು ಉಗುರಿನಿಂದ ತಿರುಗಿಸಿ ನೋಡಿದರು. "ಈ ವಾಷರ್ ಯಾವಾಗ ಹಾಕಿದ್ದು?"

"ಅಪ್ಪ ಇದ್ದಾಗ ಹಾಕಿದ್ದಿರಬೇಕು. ನಾನಂತೂ ಮುಟ್ಟಿಲ್ಲ."

"ಹೂಂ." ಅತ್ತಿಗೆಯ ನೋಟ ದೋಣಿಯ ಹಿಂಬದಿಗೆ ಕಟ್ಟಿದ್ದ ಗಾಳದ ಉರುಳೆಯತ್ತ ಹೋಯಿತು. ಕೆಂಪು ನೈಲಾನ್ ದಾರ ಅರ್ಧ ಖಾಲಿಯಾಗಿತ್ತು. "ಖಾಲಿ ದೋಣಿ ವಾಪಸ್ ತರುವಾಗ ಗಾಳ ಎಳೀತೀಯ ಅಲ್ವಾ? ನೀನು ಊರಿಗೆಲ್ಲ ಹೇಳಿದ ಆ ದೊಡ್ಡ ಮೀನು ದಾರ ಕಿತ್ಕೊಂಡು ಹೋದದ್ದು ಯಾವಾಗ?"

ಅಷ್ಟು ಕೋಪದಲ್ಲೂ ಅವನ ಮುಖ ಕ್ಷಣ ಅರಳಿತು. "ಹೋದ ತಿಂಗಳು. ಇಲ್ಲೇ, ದೋಣಿ ಹಿಂದಕ್ಕೆ ತಿರುಗಿಸ್ತಾ ಇದ್ದೆ. ಏನು ಎಳೆತ ಅಂತೀರಿ! ಕರುವಿನಷ್ಟಿತ್ತು."

"ಹೋದ ಸಲ ಹೇಳುವಾಗ ನಾಯಿಯಷ್ಟಿತ್ತು," ಎಂದಳು ಹೆಂಡತಿ, ಅಳುವಿನ ನಡುವೆಯೇ.

ನಾದಿನಿಗೆ ಏನೋ ನೆನಪಾಗಿ ಅತ್ತಿಗೆಯ ಕಿವಿಯಲ್ಲಿ ಉಸುರಿದಳು: "ಇವನ ತಮ್ಮ ವಾರವಿಡೀ ಜ್ವರದಲ್ಲಿ ಮಲಗಿದ್ದ. ಮಾತ್ರೆ ಕೊಟ್ಟು ಬಂದವಳು ನಾನೇ. ಹಾಸಿಗೆಯಿಂದ ಏಳೋ ಹಾಗಿರಲಿಲ್ಲ. ಇವತ್ತೇ ಎದ್ದಿರೋದು."

ಅತ್ತಿಗೆ ಅವಳ ಕೈಯನ್ನು ಮೆಲ್ಲಗೆ ಅದುಮಿದರು. ದೋಣಿಯವನ ಹೆಂಡತಿಯನ್ನು ಕರೆದು, "ದೊಡ್ಡ ದೋಣಿ ಯಜಮಾನನಿಗೆ ಹೇಳು, ಗೇಜ್ ಇರೋ ಗಾಳಿ ಪಂಪು, ಆಯಿಲ್ ಸೀಲು, ಹೊಸ ಎಣ್ಣೆ ಹಿಡ್ಕೊಂಡು ಬರಲಿ," ಎಂದರು. ಬಳಿಕ ಚಪ್ಪರದ ಮೂಲೆಯಲ್ಲಿ ಮಗುಚಿದ ಬುಟ್ಟಿಯ ಮೇಲೆ ಕೂತರು. ಈಗಲೇ ಹೇಳಬಾರದೇ ಎಂದು ನಾದಿನಿ ಕೇಳಿದ್ದಕ್ಕೆ, "ಸರಳು ಹಿಡಿದ ಕೈಗೆ ಮಾತು ಕೇಳಿಸಲ್ಲ ಪುಟ್ಟೀ. ಕಣ್ಣಿಗೆ ಕಾಣಿಸಬೇಕು," ಎಂದರು.

ಬೆಳಕು ಬೂದಿಯಾಗುತ್ತ ಬಂತು. ಒಡ್ಡಿನ ಸದ್ದು ಹಗಲಿಗಿಂತ ಹತ್ತಿರವಾದಂತಿತ್ತು. ದೋಣಿಯವನು ಬಲೆಯ ಹಿಂದಕ್ಕೆ ಸರಿದ. ಇಳಿಜಾರಿನ ಮೇಲೆ ಚಪ್ಪಲಿಯ ಸಪ್ಪಳ ಕೇಳಿಸಿತು. ಕಂಬಳಿ ಹೊದ್ದ ತಮ್ಮ, ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು, ನಿತ್ರಾಣದಿಂದ ವಾಲುತ್ತ ಬಂದು ಮೋಟಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಬಲೆ ಅಲುಗಿತು. ಸರಳು ಮೇಲೆದ್ದಿತು.

"ಟಾರ್ಚ್!" ಎಂದರು ಅತ್ತಿಗೆ.

ನಾದಿನಿಯ ಹೆಬ್ಬೆರಳು ತಾನಾಗಿ ಒತ್ತಿತು. ಬೆಳಕಿನಲ್ಲಿ ಸರಳು ತಮ್ಮನ ತಲೆಯಿಂದ ಮೊಳ ದೂರ ನಿಂತಿತು. ಹೆದರಿಕೆಗೆ ತಮ್ಮನ ಕೈಯಿಂದ ಟವೆಲ್ ಜಾರಿ ಬಿತ್ತು. ಒಳಗಿದ್ದದ್ದು ಎಣ್ಣೆ ತುಂಬುವ ಕೈಪಂಪು, ಹೊಚ್ಚ ಹೊಸ ಎಣ್ಣೆಯ ಡಬ್ಬ.

"ಹೊಡೆಯೋದಿದ್ರೆ ಆಮೇಲೂ ಹೊಡೀಬಹುದು," ಎಂದರು ಅತ್ತಿಗೆ, ಇಬ್ಬರ ನಡುವೆ ಹೋಗಿ ನಿಂತು. "ಅದು ಓಡಿಹೋಗೋ ತಲೆ ಅಲ್ಲ. ಮೊದಲು ನಾನು ಹೇಳೋದು ಕೇಳು."

ಅಷ್ಟರಲ್ಲಿ ಹೆಂಡತಿಯ ಹಿಂದೆ ದೊಡ್ಡ ದೋಣಿಯ ಯಜಮಾನನೂ ಪಂಪು ಹೊತ್ತು ಬಂದ. ಅತ್ತಿಗೆ ಎಲ್ಲರನ್ನೂ ಚಪ್ಪರದಡಿ ಕೂರಿಸಿದರು. ದೋಣಿಯವನು ಕೂರಲಿಲ್ಲ.

"ಮಗಳೇ, ಅವತ್ತು ಇವನು ಇಳಿಸಿದ ಎಣ್ಣೆ ಯಾವ ಬಣ್ಣ ಇತ್ತು?"

"ಬೆಳ್ಳಗೆ... ಹಾಲಿನ ಥರ."

"ಒಳ್ಳೇ ಎಣ್ಣೆ ಕದಿಯೋಕೆ ಬಂದವನಿಗೆ ಹಾಲು ಸಿಗಲ್ಲಮ್ಮ. ನೀರು ಸೇರಿ ಕೆಟ್ಟ ಎಣ್ಣೆ ಅದು. ನೀನು ಅರ್ಧ ನೋಡಿ ಓಡಿಬಂದೆ. ಕೆಟ್ಟದ್ದು ಇಳಿಸಿದ ಮೇಲೆ ಅವನು ಹೊಸದು ತುಂಬಿದ. ಇನ್ನೊಂದು ನಿಮಿಷ ನಿಂತಿದ್ರೆ ಅದೂ ಕಾಣ್ತಿತ್ತು."

"ಕಥೆ!" ಎಂದ ದೋಣಿಯವನು. "ಹಾಗಾದ್ರೆ ನಿನ್ನೆ ಯಾಕೆ ಬತ್ತಿತ್ತು?"

"ಅದನ್ನೇ ನಾನೂ ಕೇಳ್ಕೊಂಡೆ. ಇವನು ಇಳಿಸಿ ಹಾಳು ಮಾಡೋನಾಗಿದ್ರೆ, ಇವನು ಜ್ವರದಲ್ಲಿ ಬಿದ್ದ ವಾರ ಮೋಟಾರು ಚೆನ್ನಾಗಿರಬೇಕಿತ್ತು. ಸರಿಯಾಗಿ ಅದೇ ವಾರ ಬತ್ತಿತು. ತುಂಬೋ ಕೈ ನಿಂತಿತ್ತು, ಅದಕ್ಕೆ." ಅತ್ತಿಗೆ ಸ್ಕ್ರೂಗಳನ್ನು ಬೆಳಕಿಗೆ ಹಿಡಿದರು. "ಇನ್ನು ಇದು. ಎರಡಕ್ಕೂ ಹೊಸ ವಾಷರ್. ನೀನು ಮುಟ್ಟಿಲ್ಲ ಅಂದೆ. ಸೋರದೇ ಇರಲಿ ಅಂತ ಹಾಕೋ ವಸ್ತು ಇದು. ಮುಳುಗಿಸೋಕೆ ಬಂದವನು ಹೊಸ ವಾಷರ್ ಹಾಕಿ ಹೋಗ್ತಾನೇನಪ್ಪಾ?"

ದೊಡ್ಡ ದೋಣಿಯ ಯಜಮಾನ ಕೆಮ್ಮಿದ. "ನನ್ನ ಸ್ಟೋರಿನಿಂದ ಎಣ್ಣೆ, ವಾಷರ್ ಹೋಗ್ತಿದ್ದದ್ದು ಗೊತ್ತಿತ್ತು. ಎಲ್ಲಿಗೆ ಅಂತಲೂ ಗೊತ್ತಿತ್ತು. ಹೊಳೆ ಎಲ್ಲರಿಗೂ ಒಂದೇ ಅಂತ ಸುಮ್ಮನಿದ್ದೆ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?" ಅಣ್ಣ ತಮ್ಮನತ್ತ ಗುಡುಗಿದ.

"ನಿನ್ನ ಹೆಂಡ್ತಿ ಕೈಲಿ ಹೇಳಿ ಕಳಿಸಿದ್ನಲ್ಲ, ನೀರಿನ ಮೇಲೆ ಎಣ್ಣೆ ಬಣ್ಣ ಕಾಣ್ತಿದೆ ಅಂತ. ಕೂಲಿಯೋನು ನನ್ನ ದೋಣಿ ಸುದ್ದಿಗೆ ಬರೋದು ಬೇಡ ಅಂದ್ಯಂತೆ."

ಹೆಂಡತಿ ತಲೆ ಆಡಿಸಿದಳು, ಹೌದೆಂದು.

"ಪಾಪ, ಇವನು ವಾಷರಿನದೇ ತಪ್ಪು ಅಂದ್ಕೊಂಡ," ಎಂದರು ಅತ್ತಿಗೆ. "ಕದ್ದು ಮಾಡೋ ಕೆಲಸದಲ್ಲಿ ಪ್ರೊಪೆಲ್ಲರ್ ಬಿಚ್ಚಿ ನೋಡೋಕೆ ಪುರಸೊತ್ತೆಲ್ಲಿ? ಸೋರೋ ಜಾಗ ಬೇರೆ ಇದೆ. ಮಾಡಿದವನೂ ಬೇರೆ ಇದ್ದಾನೆ."

ಎಲ್ಲರ ಕಣ್ಣೂ ದೊಡ್ಡ ದೋಣಿಯ ಯಜಮಾನನತ್ತ ಹೊರಳಿತು. "ನನ್ನ ಯಾಕ್ರಯ್ಯಾ ನೋಡ್ತೀರಿ!" ಎಂದ ಅವನು.

ಕೆಳಗಿನ ಸ್ಕ್ರೂ ಬಿಗಿದು, ಮೇಲಿನ ತೂತಿಗೆ ಪಂಪಿನ ಕೊಳವೆ ಸಿಕ್ಕಿಸಿ, ಅತ್ತಿಗೆ ನಿಧಾನವಾಗಿ ಗಾಳಿ ತುಂಬಿಸಿದರು. ಗೇಜಿನ ಮುಳ್ಳು ಏರಿತು, ನಿಲ್ಲದೆ ಇಳಿಯತೊಡಗಿತು. ಸೋರುವಲ್ಲಿ ಗುಳ್ಳೆ ಏಳಲೆಂದು ಸೋಪು ಕಲಸಿದ ನೀರನ್ನು ಸ್ಕ್ರೂವಿನ ಮೇಲೆ ಹೊಯ್ದರು, ಏನೂ ಇಲ್ಲ. ಗೇರ್‌ಕೇಸಿನ ಕೂಡುಗೆರೆಯ ಮೇಲೆ ಹೊಯ್ದರು, ಏನೂ ಇಲ್ಲ. ಪ್ರೊಪೆಲ್ಲರಿನ ಹಿಂದೆ ಹೊಯ್ದಾಗ ಬುಳಬುಳನೆ ನೊರೆ ಎದ್ದಿತು.

"ಬಿಚ್ಚು," ಎಂದರು ಅಣ್ಣನಿಗೆ.

ಅವನು ಸರಳು ಕೆಳಗಿಟ್ಟು ನಟ್ಟು ಬಿಚ್ಚಿದ. ಪ್ರೊಪೆಲ್ಲರ್ ಈಚೆ ಬಂತು. ಅದನ್ನು ತಿರುಗಿಸುವ ಶಾಫ್ಟಿನ ಬುಡದಲ್ಲಿ, ಎಣ್ಣೆ ಹೊರಬಾರದಂತೆ ನೀರು ಒಳಹೋಗದಂತೆ ತಡೆಯುವ ರಬ್ಬರ್ ಸೀಲಿನೊಳಗೆ ಕಚ್ಚಿಕೊಂಡು, ಸುತ್ತುಸುತ್ತಾಗಿ ಬಿಗಿದಿತ್ತು ಕೆಂಪು ನೈಲಾನ್ ದಾರ.

"ಇದೇ ನಿನ್ನ ಕರುವಿನಷ್ಟು ದೊಡ್ಡ ಮೀನು," ಎಂದರು ಅತ್ತಿಗೆ. ಅವರ ದನಿಯಲ್ಲಿ ಗೆಲುವಿರಲಿಲ್ಲ. "ಗಾಳ ನೀರಲ್ಲಿ ಬಿಟ್ಟು ದೋಣಿ ಹಿಂದಕ್ಕೆ ತಿರುಗಿಸಿದೆ. ನಿನ್ನ ದಾರ ಎಳ್ಕೊಂಡದ್ದು ನಿನ್ನದೇ ಪ್ರೊಪೆಲ್ಲರು. ಅಲ್ಲಿಂದ ಒಂದೊಂದೇ ಸುತ್ತಿಗೂ ದಾರ ಸೀಲನ್ನ ಕೊಯ್ದಿದೆ. ಎಣ್ಣೆ ಹೊರಗೆ, ನೀರು ಒಳಗೆ."

ದೋಣಿಯವನು ದಾರವನ್ನು ಮುಟ್ಟಿ ನೋಡಿದ. ನಂತರ ಉರುಳೆಯನ್ನು ನೋಡಿದ. ಯಾರೂ ನಗಲಿಲ್ಲ. ನಾದಿನಿಗೆ ಆ ಎರಡು ಹಸುಗೂಸುಗಳು ಕಣ್ಣಮುಂದೆ ಬಂದವು.

ಆಮೇಲೆ ಕೆಲಸ ಶುರುವಾಯಿತು. ಹೇಳುವವರು ಅತ್ತಿಗೆ, ಮಾಡುವವನು ತಮ್ಮ. ದಾರ ಕತ್ತರಿಸಿ ತೆಗೆದ. ಶಾಫ್ಟನ್ನು ಎಳೆದು ಒಳಗೆ ಟಾರ್ಚ್ ಬಿಟ್ಟು ನೋಡಿ, "ಚಕ್ರದ ಹಲ್ಲು ಉಳಿದಿವೆ, ಸ್ವಲ್ಪ ಕಾದು ಕಪ್ಪಾಗಿವೆ ಅಷ್ಟೇ," ಎಂದ. ಕೊಯ್ದುಹೋದ ಸೀಲು ಕಿತ್ತು, ಹೊಸದರ ಅಂಚಿಗೆ ಗ್ರೀಸು ಸವರಿ ಕೂರಿಸಿದ. ಮತ್ತೆ ಗಾಳಿ ತುಂಬಿದರು. ಮುಳ್ಳು ಏರಿ ನಿಂತಿತು. ಎಲ್ಲರೂ ಕಾದರು. ಅದು ಕದಲಲಿಲ್ಲ.

ದೊಡ್ಡ ದೋಣಿಯ ಯಜಮಾನ ಜ್ವರದವನ ಜಾರಿದ ಕಂಬಳಿಯನ್ನು ಸದ್ದಿಲ್ಲದೆ ಮೇಲೆಳೆದು ಹೊದಿಸಿದ.

ಉಳಿದದ್ದು ಎಣ್ಣೆ ತುಂಬುವುದು. ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ಕೆಳಗಿನ ತೂತಿನಿಂದಲೇ ಏರಿಸಬೇಕು. ತಮ್ಮ ಪಂಪು ಒತ್ತುತ್ತಿದ್ದ. ನಾದಿನಿಯ ಕೈ ಸೋತದ್ದು ಕಂಡು ಅಣ್ಣ ಟಾರ್ಚನ್ನು ತಾನು ತೆಗೆದುಕೊಂಡ.

"ಹೊಡೆದೇ ಬಿಡ್ತಿದ್ದೆ ಕಣೋ," ಎಂದ, ಬಹಳ ಮೆಲ್ಲಗೆ. "ಆ ಬೆಳಕು ಬೀಳದಿದ್ರೆ."

ತಮ್ಮ ತಲೆ ಎತ್ತಲಿಲ್ಲ. ಮೇಲಿನ ತೂತಿನಿಂದ ಎಣ್ಣೆ ತುಳುಕಿತು, ತಿಳಿಯಾಗಿ, ಒಂದು ಗುಳ್ಳೆಯೂ ಇಲ್ಲದೆ. ಅವನು ಮೇಲಿನ ಸ್ಕ್ರೂ ಕೈಗೆತ್ತಿಕೊಂಡ.

"ಗೊತ್ತು," ಎಂದ. "ಟಾರ್ಚ್ ಸ್ವಲ್ಪ ಈ ಕಡೆ ಹಿಡಿಯಣ್ಣ."